ಮಂಚದ ಮೇಲಿನ ಕರಿ ಕೋಟುಗಳು

ನಾಳೆ ಮೂವತ್ತು ಸೆಂಟಿಮೀಟರ್ ಹಿಮ ಬೀಳುತ್ತದೆ ಎಂದು ಮೊಬೈಲು ಹೇಳಿದ್ದೇ ತಡ, ಸಂತೋಷಕುಮಾರನ ಎದೆಯಲ್ಲಿ ಅವಲಕ್ಕಿ ಕುಟ್ಟಿದ ಹಾಗಾಯಿತು. ಹುಬ್ಬಳ್ಳಿಯಿಂದ ಪರದೇಶದ ಎಟೋಬಿಕೋ ಊರಿಗೆ ಬಂದ ಮೇಲೆ ಇದೇ ಮೊದಲ ಚಳಿಗಾಲ. ಹೆಂಡತಿ ನೇತ್ರಾಳಿಗೆ ದಿನ ತುಂಬಿತ್ತು. ಕಾರು ಹಿಮದಲ್ಲಿ ಹೂತುಹೋದರೆ ಆಸ್ಪತ್ರೆಗೆ ಹೋಗುವುದು ಹೇಗೆ? ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಕೇಳಿದ. ಅಷ್ಟೇ ಅವನು ಮಾಡಿದ ತಪ್ಪು.

ಬೆಳಗಾಗುತ್ತಲೇ ಉಡುಪಿಯ ಕಿಟ್ಟಣ್ಣ ಸಲಿಕೆ ಹಿಡಿದು ಬಂದರು, ಹಿಂದೆಯೇ ಕುಚಲಕ್ಕಿ ಗಂಜಿಯ ಪಾತ್ರೆಯೊಂದಿಗೆ ಹೆಂಡತಿ ಪ್ರಫುಲ್ಲಾ. ಧಾರವಾಡದ ಮಡಿವಾಳಪ್ಪ ಹಿಮ ಕರಗಿಸಲು ಉಪ್ಪಿನ ಚೀಲ ತಂದರೆ, ಅವರ ಹೆಂಡತಿ ಈರವ್ವ ಡಬ್ಬಿ ತುಂಬ ಖಡಕ್ ರೊಟ್ಟಿ ತಂದರು. ಎಲ್ಲರೂ ಹಿಂದಿನ ವರ್ಷವಷ್ಟೇ ಈ ದೇಶಕ್ಕೆ ಬಂದವರು. ಒಂದು ಚಳಿಗಾಲ ಹೆಚ್ಚಿಗೆ ಕಂಡಿದ್ದರಿಂದ ಗುರುಗಳಾಗಿದ್ದರು.

"ಎಂತಕ್ಕೆ ಹೆದರುದು ಮಾರಾಯ? ನಾವಿಲ್ವಾ?" ಎಂದರು ಕಿಟ್ಟಣ್ಣ.

"ಸ್ನೋ ಅಂದ್ರ ಹುಡುಗಾಟ ಅಲ್ಲೋ ತಮ್ಮಾ. ಮೊದ್ಲ ಉಪ್ಪು ಚೆಲ್ಲೂಣು," ಎಂದರು ಮಡಿವಾಳಪ್ಪ.

ಮನೆ ಮುಂದಿನ ಕಿರಿದಾದ ಡ್ರೈವ್‌ವೇಯಲ್ಲಿ ಕಾರುಗಳು ಒಂದರ ಹಿಂದೊಂದು ನಿಂತವು. ಎಲ್ಲಕ್ಕಿಂತ ಒಳಗೆ ಸಂತೋಷನದು, ನಡುವೆ ಕಿಟ್ಟಣ್ಣನದು, ಬಾಯಿಗೆ ಅಡ್ಡಲಾಗಿ ಮಡಿವಾಳಪ್ಪನದು. ಕೋಟುಗಳೆಲ್ಲ ಮಂಚದ ಮೇಲೆ ರಾಶಿ ಬಿದ್ದವು. ಎಲ್ಲವೂ ಕರಿಯವೇ.

ಮಧ್ಯಾಹ್ನವಾದರೂ ಬಿಸಿಲು ಹೊಡೆಯುತ್ತಿತ್ತು. ಹೊರಗೆ ಬೆಳ್ಳಗೆ ಕಾಣುತ್ತಿದ್ದದ್ದು ಮಡಿವಾಳಪ್ಪ ಚೆಲ್ಲಿದ ಉಪ್ಪು ಮಾತ್ರ. ಒಳಗೆ ರೊಟ್ಟಿ ಮುಗಿದು ಗಂಜಿಯ ಸರದಿ ಬಂದಿತ್ತು. ಅಷ್ಟರಲ್ಲಿ ನೇತ್ರಾ ಗೋಡೆ ಹಿಡಿದು ನಿಂತಳು.

"ರೀ, ಬ್ಯಾನಿ ಶುರುವಾತು. ಹೊಂಟಬಿಡೂಣ್ರಿ."

ಸಂತೋಷ ಕೈಗೆ ಸಿಕ್ಕ ಕೋಟು ತೊಟ್ಟು ಓಡಿದ. ತೋಳು ಬೆರಳ ತುದಿಯವರೆಗೂ ಇಳಿದಿದ್ದನ್ನು ನೋಡುವ ವ್ಯವಧಾನ ಅವನಿಗೆಲ್ಲಿ? ಮಡಿವಾಳಪ್ಪನ ಕಾರು ಸರಿಯದೆ ಉಳಿದ ಕಾರುಗಳು ಅಲುಗುವಂತಿರಲಿಲ್ಲ.

"ಕೀ ಕೋಟಿನ್ಯಾಗ ಇಟ್ಟಿದ್ನೆಲ್ಲಾ!" ಎನ್ನುತ್ತ ಮಡಿವಾಳಪ್ಪ ಕಂಡ ಕಂಡ ಕೋಟು ಜಾಡಿಸಿದರು. ಪ್ರಫುಲ್ಲಾ ಗಂಡನ ಕೈಲಿ ಸೋಫಾ ಎತ್ತಿಸಿದರು. ಈರವ್ವ ರೊಟ್ಟಿ ಡಬ್ಬಿಯಲ್ಲೂ ಇಣುಕಿದರು. ಸಂತೋಷ ಮಂಚದ ಕೆಳಗೆ ತೂರಿ, ಸೀನುತ್ತ ಹೊರಬಂದ. ಕಡೆಗೆ ನೇತ್ರಾಳೇ ಸೊಂಟಕ್ಕೆ ಒಂದು ಕೈ ಕೊಟ್ಟುಕೊಂಡು, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಟ್ಯಾಕ್ಸಿ ಕರೆಸಿದಳು.

ಸಂಜೆಗೆ ಆಸ್ಪತ್ರೆಯಲ್ಲಿ ಮಗಳು ಹುಟ್ಟಿದಳು. ಬಿಗಿದ ಆ ಪುಟ್ಟ ಮುಷ್ಟಿ ನೋಡಿ ಸಂತೋಷನ ಕಣ್ಣು ತುಂಬಿ ಬಂತು. ಯಾರ ಮೇಲೂ ಸಿಟ್ಟು ಉಳಿಯಲಿಲ್ಲ. ಪಾಪ, ಅಷ್ಟು ದೂರದಿಂದ ತನಗಾಗಿಯೇ ಓಡಿ ಬಂದವರು. ಕಿಟಕಿಯಾಚೆ ಆಗಷ್ಟೇ ಹಿಮ ಉದುರತೊಡಗಿತ್ತು. ಮಡಿವಾಳಪ್ಪನಿಗೆ ಫೋನು ಮಾಡಿ ಸುದ್ದಿ ಹೇಳಿದ.

"ಲಕ್ಷ್ಮಿ ಬಂದ್ಳಪಾ!" ಎಂದು ಆ ಕಡೆ ಕೂಗೆದ್ದಿತು. ಈರವ್ವ ಅಳುವುದೂ ಕೇಳಿಸಿತು.

"ಕಾಕಾ, ನೀವೆಲ್ಲಾ ಇನ್ನೂ ನಮ್ಮನ್ಯಾಗ ಅದೀರೇನ್ರಿ?"

"ಎಲ್ಲಿ ಹೋಗೂದೋ? ಕೀನೂ ಸಿಗವಲ್ದು, ನನ್ನ ಕೋಟೂ ಕಾಣವಲ್ದು. ಕಿಟ್ಟಣ್ಣಂದು ಕಾರೂ ಸಿಕ್ಕೊಂಡೈತಿ. ಮ್ಯಾಲೆ ಸ್ನೋ ಬ್ಯಾರೆ! ಕೀ ಸಿಗೂತನಕಾ ಇಲ್ಲೇ ಇರ್ತೀವಿ, ನೀ ಏನೂ ಕಾಳಜಿ ಮಾಡಬ್ಯಾಡ. ಫ್ರಿಜ್ಜಿನ್ಯಾಗ ಹಾಲು ಖಾಲಿ ಆಗೇತಿ, ಬರೂವಾಗ ತೊಗೊಂಬಾ."

ಸಂತೋಷ ಬೆರಳು ಮುಚ್ಚಿದ್ದ ಕೋಟಿನ ತೋಳನ್ನು ನೋಡಿಕೊಂಡ. ಮೆಲ್ಲಗೆ ಕೋಟಿನ ಒಳಜೇಬಿಗೆ ಕೈ ಹಾಕಿದ.

"ಕಾಕಾ ಏನಂತಾರ್ರಿ?" ಮಗುವಿನಿಂದ ಕಣ್ಣು ತೆಗೆಯದೆ ನೇತ್ರಾ ಕೇಳಿದಳು.

"ಏನಿಲ್ಲ, ಹಾಲು ತರಬೇಕಂತ," ಎಂದ ಸಂತೋಷ. ಬೆರಳಿಗೆ ಸಿಕ್ಕ ಕೀಯನ್ನು ಜೇಬಿನಲ್ಲೇ ಹಿಡಿದುಕೊಂಡು, ಜೋರಾಗುತ್ತಿದ್ದ ಹಿಮವನ್ನು ನೋಡುತ್ತ ನಿಂತ.