ಹಿಂದಿನ ಚಕ್ರಕ್ಕೆ ಅರ್ಧ ಲೋಟ

ಮೊದಲು ಒಂದು ಒಗಟು. ಕಾಲಲ್ಲಿ ಒತ್ತಿದರೆ ಮುಂದಿನ ಇಬ್ಬರಿಗೆ ಪೂರ್ತಿ ಊಟ, ಹಿಂದಿನ ಇಬ್ಬರಿಗೆ ಅರ್ಧ. ಹಿಂದಿನವರಿಗೂ ಹೊಟ್ಟೆ ತುಂಬಿತೋ, ಎಲ್ಲರೂ ಗಟಾರಕ್ಕೆ. ನಡುವೆ ನಿಂತು ಬಡಿಸುವವನು ಯಾರು?

ತಲೆ ಕೆರೆದುಕೊಳ್ಳಬೇಡಿ, ನಿಮಗೆ ಗೊತ್ತಾಗಲ್ಲ. ಒಂಬತ್ತನೇ ಕ್ಲಾಸನ್ನು ಎರಡು ಸಲ ಓದಿದ ನನಗೇ ಗೊತ್ತಿರಲಿಲ್ಲ. ರಬಾಳೆಯ ಗ್ಯಾರೇಜಿಗೆ ಸೇರಿದ ಮೇಲೆ ತಿಳಿಯಿತು: ಬ್ರೇಕಿನ ಪ್ರಪೋರ್ಷನಿಂಗ್ ವಾಲ್ವ್. ಹಳೇ ಕಾರು ಮತ್ತು ಹೊಸ ಹುಚ್ಚು ಒಟ್ಟಿಗೇ ಬರುವ ಜಾಗದಲ್ಲಿ ಇಂಥ ಒಗಟುಗಳಿಗೆ ಬರಗಾಲವಿಲ್ಲ.

೧. ಒನ್ ಬೈ ಟೂ

ನೌಪಾಡಾದಲ್ಲಿ ಹೋಟೆಲ್ ಇಟ್ಟಿರುವ ಉಡುಪಿ ಕಡೆಯ ಸೇಠ್ ಒಬ್ಬರು ಅಪ್ಪನ ಕಾಲದ ಕಾರು ತಂದರು. ಮುಂದಿನ ಡ್ರಮ್ ಬ್ರೇಕ್ ತೆಗೆಸಿ ಎಲ್ಲೋ ಡಿಸ್ಕ್ ಹಾಕಿಸಿದ್ದರು. ಈಗ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲೇ ಗಕ್ಕನೆ ನಿಂತು, ಕಾರಿನ ಬಾಲ ಅಡ್ಡ ತಿರುಗುತ್ತಿತ್ತು. ಹದಿನೈದು ದಿನದಲ್ಲಿ ಆರ್‌ಟಿಒದವರ ಪಾಸಿಂಗ್ ಪರೀಕ್ಷೆ. ಫೇಲಾದರೆ ಅಪ್ಪನ ಕಾರು ಸೀದಾ ಭಂಗಾರಕ್ಕೆ, ಅಂದರೆ ಗುಜರಿಗೆ.

ನಮ್ಮ ಉಸ್ತಾದರು ವಿಜಯಪುರದವರು. "ಬ್ರೇಕ್ ಹಾಕಿದ್ ಕೂಡ್ಲೆ ಭಾರ ಎಲ್ಲಾ ಮುಂದ ಬರ್ತದ್ರೀ ಸೇಠ್. ಹಿಂದಿನ ಗಾಲಿಗೆ ಪ್ರೆಶರ್ ಕಡಿಮಿ ಕೊಡೂ ವಾಲ್ವ್ ಬೇಕು."

"ಕಡಿಮೆಯಾ? ಎಂಥ ಮಾತು ಮಾರಾಯ್ರೆ! ನನ್ನ ಹೋಟೆಲಲ್ಲಿ ಒನ್ ಬೈ ಟೂ ಅಂದ್ರೆ ಎರಡೂ ಲೋಟ ಸಮ ಉಂಟು."

ನಾನೆಂದೆ, "ಸೇಠ್, ಹಿಂದಿನ ಲೋಟ ತುಂಬಿದ್ರೆ ಕಾಫಿ ಅಲ್ಲ, ಕಾರೇ ಚೆಲ್ತದೆ."

೨. ಅಕ್ಕಿ ಮೂಟೆ

ಮರುದಿನ ಸೇಠ್ ಕಲ್ಯಾಣದ ಭಂಗಾರದಂಗಡಿಯಿಂದ ತಾವೇ ಒಂದು ವಾಲ್ವ್ ಆರಿಸಿ ತಂದರು. ಉಸ್ತಾದರು ಅದನ್ನು ಸತ್ತ ಇಲಿಯ ಹಾಗೆ ಎತ್ತಿ ನೋಡಿದರು. "ಇದು ಟೆಂಪೋದ್ದು. ಹಿಂದ ಲೋಡ್ ಎಷ್ಟದ ನೋಡಿ ಬ್ರೇಕ್ ಹಂಚ್ತದ. ನಿಮ್ಮ ಕಾರಿನ್ಯಾಗ ಲೋಡ್ ಎಲ್ಲದ?"

ಸೇಠ್ ಕಾರು ಹತ್ತಿ ಹೋದರು. ಸಂಜೆ ಬಂದಾಗ ಡಿಕ್ಕಿಯಲ್ಲಿ ಇಡ್ಲಿ ಅಕ್ಕಿಯ ನಾಲ್ಕು ಮೂಟೆ! "ವಾಲ್ವ್ ವಾಪಸ್ ತಗೊಳ್ಳುವುದಿಲ್ಲವಂತೆ. ಅದಕ್ಕೆ ಲೋಡೇ ತಂದೆ."

ಉಸ್ತಾದರು ಕೇಳಿದರು, "ಪಾಸಿಂಗ್ ಸಾಹೇಬ್ರಿಗೆ ಕಾರ್ ತೋರಸೂದೋ, ರೇಷನ್ ಅಂಗಡಿನೋ?"

೩. ಬೆಣ್ಣೆ

ಕೊನೆಗೆ ತಿರುಗಿಸಿ ಹದ ಮಾಡುವ ನಾಬ್ ಇರುವ ವಾಲ್ವ್ ಬಂತು. ಖಾಲಿ ರಸ್ತೆಯಲ್ಲಿ ಓಡಿಸಿ, ನಿಲ್ಲಿಸಿ, ಉಸ್ತಾದರು ಹದ ಕೂರಿಸಿದರು. ಸೇಠ್ ಕೈ ಸುಮ್ಮನಿರಬೇಕಲ್ಲ! ಸಾಂಬಾರಿಗೆ ಉಪ್ಪು ಹಾಕಿದಂತೆ ದಿನಾ ಒಂದಿಷ್ಟು ತಿರುಗಿಸಿದರು. ಮೂರನೇ ದಿನ ಐರೋಲಿ ಸಿಗ್ನಲಿನಲ್ಲಿ ಕಾರು ಗಿರ್ರನೆ ತಿರುಗಿ, ಹಿಂದಿನ ರಿಕ್ಷಾದವನ ಮುಖ ನೋಡುತ್ತಾ ನಿಂತಿತು.

ಉಸ್ತಾದರು ಹದವನ್ನು ಸರಿಮಾಡಿ, ವಾಲ್ವನ್ನು ಬಾನೆಟ್ ಒಳಗೆ ಲಾಕ್ ಮಾಡಿದರು. ನಾನು ಕೆಟ್ಟ ರೇಡಿಯೋ ಒಂದರ ವಾಲ್ಯೂಮ್ ನಾಬ್ ಕಿತ್ತು ಡ್ಯಾಶ್‌ಬೋರ್ಡ್ ಕೆಳಗೆ ತಿರುಗುವಂತೆ ಸಿಕ್ಕಿಸಿ, "ಬ್ರೇಕಿನ ಹದ ಇನ್ನು ಇಲ್ಲಿಂದಲೇ ಸೇಠ್" ಎಂದೆ. ಅದಕ್ಕೂ ಬ್ರೇಕಿಗೂ ಯಾವ ಸಂಬಂಧವೂ ಇಲ್ಲ.

ಸೇಠ್ ತಿರುಗಿಸಿ ಬ್ರೇಕ್ ಹಾಕಿದರು. "ನೋಡು ಮಾರಾಯ, ಬೆಣ್ಣೆ!"

"ಒಂದು ಪಾಯಿಂಟ್ ಜಾಸ್ತಿ ಆಯ್ತು ಸೇಠ್" ಎಂದೆ ನಾನು.

ಹಿಂದಕ್ಕೆ ತಿರುಗಿಸಿ ಮತ್ತೆ ಬ್ರೇಕ್ ಹಾಕಿದರು. "ಹೌದೌದು, ನನಗೂ ಹಾಗೇ ಅನಿಸಿತು."

ಉಸ್ತಾದರು ನಗು ತಡೆಯಲಾರದೆ ಕಾರಿನ ಕೆಳಗೆ ತೂರಿಕೊಂಡರು.

೪. ಪಾಸಿಂಗ್

ಪರೀಕ್ಷೆಯ ದಿನ ಸಾಹೇಬರು ಸ್ಟಿಯರಿಂಗ್ ಹಿಡಿದು ಕೂತರು. ಪಕ್ಕದಲ್ಲಿ ಸೇಠ್, ಹಿಂದೆ ನಾನು. ಕಾರು ಓಡುತ್ತಿರುವಾಗಲೇ ಸೇಠ್ ಶುರು ಮಾಡಿದರು: "ಸಾಹೇಬ್, ಆ ನಾಬ್ ಒಂದು ಪಾಯಿಂಟ್ ಬಲಕ್ಕೆ ತಿರುಗಿಸಿ, ಆಮೇಲೆ ಬ್ರೇಕ್ ನೋಡಿ."

ಸಾಹೇಬರು ತಿರುಗಿಸಿದರು. ನಾಬ್ ಕಿತ್ತು ಕೈಗೇ ಬಂತು.

"ಅಯ್ಯೋ, ಬ್ರೇಕ್ ಹೋಯ್ತು!" ಸೇಠ್ ಸೀಟಿನ ಮೇಲೆ ಕಾಲು ಮಡಚಿ ಕೂತು ದೇವರನ್ನು ಕರೆದರು. ಸಾಹೇಬರು ಗಾಬರಿಯಲ್ಲಿ ಎರಡೂ ಕಾಲಲ್ಲಿ ಪೆಡಲ್ ತುಳಿದರು. ಕಾರು ಗೆರೆ ಎಳೆದಂತೆ ನೆಟ್ಟಗೆ ನಿಂತಿತು! ಸಾಹೇಬರು ಕೈಯಲ್ಲಿದ್ದ ನಾಬ್ ನೋಡಿದರು, ನನ್ನನ್ನು ನೋಡಿದರು. "ಇಂಥದ್ದು ನನ್ನ ಗಾಡಿಗೂ ಒಂದು ಹಾಕಿಕೊಡ್ತೀಯೇನೋ?"

ಸರಿ, ಒಪ್ಪಿಕೊಳ್ಳುತ್ತೇನೆ, ಈ ಕೊನೆ ನಾನೇ ಕಟ್ಟಿದ್ದು. ನಿಜವಾಗಿ ಸಾಹೇಬರು ನಾಬ್ ಮುಟ್ಟಲೇ ಇಲ್ಲ. ಬ್ರೇಕ್ ಒತ್ತಿದರು, ಕಾರು ನೇರ ನಿಂತಿತು, ಪಾಸ್. ಇಷ್ಟೇ ಹೇಳಿದ್ದರೆ ನೀವು ನಗುತ್ತಿದ್ದಿರಾ?

ಆದರೆ ಹೊರಗೆ ಬಂದು ಸೇಠ್, ಅಲ್ಲಿ ಕಾಯುತ್ತಿದ್ದ ಉಸ್ತಾದರ ಬೆನ್ನು ತಟ್ಟಿ ಹೇಳಿದ್ದು ಮಾತ್ರ ಸತ್ಯ: "ನೀವು ಹದ ಹೇಗೆಹೇಗೋ ಬಿಟ್ಟಿದ್ರಿ ಮಾರಾಯ್ರೆ. ಬೆಳಿಗ್ಗೆ ನಾನು ಆ ನಾಬ್ ಎರಡು ಪಾಯಿಂಟ್ ತಿರುಗಿಸಿದ್ದಕ್ಕೆ ಕಾರು ಉಳಿಯಿತು."