ಸಿನಿಮಾದ ಕುರ್ಚಿಯವರಿಗೆ ಅವರ್ಸಾದಿಂದ ಒಂದು ತಕರಾರು

ಕಪ್ಪು-ಬಿಳುಪು ಪರದೆಯ ಮೇಲೆ ವಿರಾಜಮಾನರಾದ ಕೈಕುರ್ಚಿಯವರೇ, ಮಾನ್ಯರೇ,

ಅವರ್ಸಾದ ವೇದಾವತಿ ನಾಯಕಳ ನಮಸ್ಕಾರ. ಪರದೆಯ ಒಳಗಿದ್ದವರಿಗೆ ಹೊರಗಿನವರು ಕಾಣುವುದಿಲ್ಲವಾದ್ದರಿಂದ ನಾನು ಯಾರೆಂದು ನಾನೇ ಹೇಳಬೇಕಾಗಿದೆ. ನಾನು ಹೈಸ್ಕೂಲು ಮುಗಿಸಿ ಪಾಸಾದವಳು, ನಮ್ಮೂರ ಮಹಿಳಾ ಮಂಡಳದ ಅಧ್ಯಕ್ಷೆ, ಗಂಡ ತೀರಿಕೊಂಡ ಮೇಲೆ ಗದ್ದೆಯ ಬೀಜದಿಂದ ಹಿಡಿದು ಮಧ್ಯಾಹ್ನದ ಸಾರಿಗೆ ಯಾವ ಮೀನು ಎಂಬುದರವರೆಗೆ ಮನೆಯ ಪ್ರತಿಯೊಂದನ್ನೂ ನಿರ್ಧರಿಸುತ್ತ ಬಂದವಳು. ನಾನು ಹೇಳಿದ ಮಾತಿಗೆ ಈ ಮನೆಯಲ್ಲಿ ಎದುರು ಮಾತು ಇಲ್ಲ, ನಾನು ಹೇಳದ ಮಾತಿಗೆ ಕಾಯುವುದೊಂದೇ ದಾರಿ.

ಇಂಥ ನನ್ನನ್ನು ಕಾರವಾರದ ಚಿತ್ರ ಬಳಗವೊಂದು ದೀಪ ಬೆಳಗಲು ಕರೆದು, ಶಾಲು ಹೊದೆಸಿ, ಮೊದಲ ಸಾಲಿನ ನಡುವೆ ಮೆತ್ತೆ ಹಾಕಿದ ಒಂದೇ ಒಂದು ಕುರ್ಚಿಯಲ್ಲಿ ಕೂರಿಸಿ, ಜಗತ್ತೆಲ್ಲ ನೋಡಿ ನಕ್ಕ ಹಳೆಯ ಸಿನಿಮಾ ಎಂದು ತಮ್ಮನ್ನು ತೋರಿಸಿತು. ಅರ್ಥವಿಲ್ಲದಿರುವುದೇ ಇದರ ಅರ್ಥ ಎಂದು ಸ್ವಾಗತ ಮಾಡಿದವರು ಹೇಳಿದಾಗ, ಅವರು ತಮ್ಮ ಭಾಷಣದ ಬಗ್ಗೆಯೇ ಹೇಳುತ್ತಿದ್ದಾರೆಂದು ನಾನು ತಿಳಿದಿದ್ದೆ.

ತಮ್ಮ ಸಿನಿಮಾದಲ್ಲಿ ನಡೆದದ್ದು ಇಷ್ಟು. ದೊಡ್ಡ ಮನೆಯ ಯಜಮಾನ ಸತ್ತ ಮೇಲೆ ಅವನ ಮನೆಯವರು, ಅವನು ಕೂರುತ್ತಿದ್ದ ಕುರ್ಚಿಯಾದ ತಮ್ಮನ್ನೇ ಯಜಮಾನರೆಂದು ಒಪ್ಪಿಕೊಂಡು, ಪ್ರತಿಯೊಂದಕ್ಕೂ ತಮ್ಮ ಮುಂದೆ ಸಾಲಾಗಿ ನಿಂತು ಕೇಳುತ್ತಾರೆ, ತಾವು ಕಿರ್ ಎಂದರೆ ಸಮ್ಮತಿ, ಎನ್ನದಿದ್ದರೆ ನಾಳೆ. ಹೀಗಿರುವಾಗ ಹೊಳೆಯ ನೀರು ಮನೆಯೊಳಗೆ ನುಗ್ಗುತ್ತದೆ, ಕಿಟಕಿ ತೆಗೆದು ಹೊರಗೆ ಹೋಗಲೇ ಎಂದು ಮನೆಯ ಕಿರಿಯ ಹುಡುಗಿ ಕೇಳುತ್ತಾಳೆ, ಮೊಣಕಾಲು ಮುಳುಗಿದರೂ ದೊಡ್ಡವರೆಲ್ಲ ಟೋಪಿ ಸರಿಪಡಿಸಿಕೊಂಡು ತಮ್ಮ ಕಿರ್‌ಗಾಗಿ ಕಾಯುತ್ತಾರೆ. ಆಗ ತಮ್ಮ ಬಲಗೈ ಕಳಚಿ ನೀರಿಗೆ ಬಿತ್ತು.

ಇದಕ್ಕೆ ಏನು ಅರ್ಥವೆಂದು ಪರದೆಯ ಮನೆಯವರು ವಾದಕ್ಕೆ ಕೂತರು. ನಮ್ಮ ಕಡೆಯವರಿಗೆ ಆ ವಾದವೇ ಬೇಡ. ದೇವರ ಮೈಗೆ ಹೂವಿನ ಎಸಳು ಹಚ್ಚಿ ಪ್ರಸಾದ ಕೇಳುವಾಗ ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಅಲ್ಲ ಎಂಬುದು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ಆದ್ದರಿಂದ ನನ್ನ ಜೊತೆ ಬಂದಿದ್ದ ನೆರೆಮನೆಯ ಹೊನ್ನಿ ಎದ್ದು ನಿಂತು, ಕೈಮುಗಿದು, "ಬಲಕ್ಕೇ ಬಿತ್ತಲ್ರಾ ವೇದಕ್ಕಾ, ಪ್ರಸಾದ ಆಯ್ತು! ಇನ್ನೂ ಎಂತಕೆ ಕುಂತ್ಕಂಡವ್ರೆ ಇವ್ರು? ಕಿಡಕಿ ತೆಗೀರಾ ಅಂದೆ!" ಎಂದು ಪರದೆಯವರನ್ನು ಗದರಿದಳು. ಹಿಂದಿನ ಸಾಲುಗಳಿಂದಲೂ "ತೆಗೀರಾ, ತೆಗೀರಾ" ಎಂದು ಕೂಗು ಎದ್ದಿತು. ಅವರು ತೆಗೆಯಲಿಲ್ಲ. ನೀರು ಕುತ್ತಿಗೆಗೆ ಬಂದಾಗಲೂ ಒಬ್ಬರಿಗೊಬ್ಬರು ಶುಭೋದಯ ಹೇಳಿಕೊಳ್ಳುತ್ತಲೇ ಇದ್ದರು. ಕೊನೆಗೆ ಮುಳುಗಿದವರೆಲ್ಲ ತಮ್ಮ ಆಜ್ಞೆಗೆ ಕಾದವರು, ತೇಲಿದವರು ತಾವೊಬ್ಬರೇ.

ಸಭಾಂಗಣ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನನ್ನ ಸೊಸೆ ಜಯಶ್ರೀ, ಮದುವೆಯಾಗಿ ಬಂದಂದಿನಿಂದ ಸೆರಗು ಬಾಯಿಗೆ ಅಡ್ಡ ಹಿಡಿಯದೆ ನಕ್ಕವಳಲ್ಲ, ಅಂದು ಸೆರಗು ಎಲ್ಲಿದೆಯೆಂದೇ ಮರೆತು ನಕ್ಕಳು. ನಗದೆ ಇದ್ದವರು ಇಬ್ಬರೇ, ಒಬ್ಬಳು ನಾನು, ಇನ್ನೊಬ್ಬಳು ಮೊಮ್ಮಗಳು ಅನಘಾ. ಅವಳು ಪರದೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು.

ಅದಕ್ಕೆ ಕಾರಣ ಉಂಟು. ಕಾರವಾರದಲ್ಲಿ ಕಡಲ ಜೀವಿಗಳ ಬಗ್ಗೆ ಹೇಳಿಕೊಡುವ ದೊಡ್ಡ ಓದಿಗೆ ಅವಳಿಗೆ ಸೀಟು ಸಿಕ್ಕಿದೆ. ದೋಣಿ ಹತ್ತಿ ಸಮುದ್ರದ ನಡುವೆ ಹೋಗಬೇಕಾದ ಓದು ಅದು. ಹೋಗಲೇ ಎಂದು ಅವಳು ಮಳೆಗಾಲಕ್ಕೆ ಮೊದಲೇ ಕೇಳಿದ್ದಳು, ನಾನು ಗಂಭೀರವಾಗಿ "ನೋಡ್ವಾ" ಎಂದು ಮುಂದೆ ಹಾಕಿದ್ದೆ. ಅವಳ ಅಪ್ಪ, ಅಂದರೆ ನನ್ನ ಮಗ ಶ್ರೀಕಾಂತ, "ಆಯಿ ಹೇಳಲಿ" ಎಂದಿದ್ದ. ಹೆಸರು ಹಚ್ಚಲು ಕೊನೆಯ ದಿನ ಸೋಮವಾರ. ತಮ್ಮನ್ನು ನಾನು ನೋಡಿದ್ದು ಅದರ ಹಿಂದಿನ ಶನಿವಾರ.

ಈಗ ನನ್ನ ತಕರಾರಿಗೆ ಬರುತ್ತೇನೆ. ಭಾನುವಾರ ಬೆಳಗ್ಗೆ ಜಗುಲಿಯಲ್ಲಿ ನಾನು ಚಹಾ ಕುಡಿಯಲು ಕೂತಾಗ, ಹಳೆಯ ಕುರ್ಚಿಯಾದ್ದರಿಂದ, ಅದು ಕಿರ್ ಎಂದಿತು. ಶ್ರೀಕಾಂತ ಪೇಪರಿನಿಂದ ತಲೆಯೆತ್ತಿ, ಯಾವ ಕುಚೋದ್ಯವೂ ಇಲ್ಲದೆ, ಎಂದಿನ ವಿನಯದಿಂದಲೇ, "ಎಂತ ಅಂದೆ ಆಯಿ?" ಎಂದು ಕೇಳಿದ. ಅಡುಗೆಮನೆಯಲ್ಲಿ ಒಂದು ಪಾತ್ರೆ ಬಿತ್ತು, ಅದರ ಹಿಂದೆಯೇ ಜಯಶ್ರೀಯ ನಗು. ಇಷ್ಟು ವರ್ಷ ನಾನು ಪೂರ್ತಿ ವಾಕ್ಯದಲ್ಲಿ, ಕಾರಣಸಹಿತ ಕೊಟ್ಟ ಅಪ್ಪಣೆಗಳಿಗೂ ಒಂದು ಮರದ ಕಿರ್‌ಗೂ ನನ್ನ ಸ್ವಂತ ಮಗನಿಗೆ ವ್ಯತ್ಯಾಸ ತಿಳಿಯದಂತೆ ಮಾಡಿದ ಕೀರ್ತಿ ತಮ್ಮದು.

ತಮ್ಮ ಆಡಳಿತದ ಬಗ್ಗೆ ನನಗೆ ಅಪಾರ ಗೌರವವಿದೆ. ತಾವು ಒಮ್ಮೆಯೂ ತಪ್ಪು ನಿರ್ಧಾರ ಮಾಡಲಿಲ್ಲ, ಏಕೆಂದರೆ ನಿರ್ಧಾರವನ್ನೇ ಮಾಡಲಿಲ್ಲ. ತಮ್ಮನ್ನು ಯಾರೂ ಕಾರಣ ಕೇಳಲಿಲ್ಲ, ತಮಗೆ ಮಂಡಿನೋವು ಬರಲಿಲ್ಲ, ಮುಳುಗಿದವರು ಕೂಡ ತಮ್ಮನ್ನು ದೂರಲಿಲ್ಲ. ಇಂಥ ಯೋಗ್ಯರು ನಮ್ಮ ಜಿಲ್ಲೆಯ ಕಚೇರಿಗಳಲ್ಲಿ ಅನೇಕರು ಇದ್ದಾರಾದರೂ, ಕೈ ಕಳಚಿ ಬಿದ್ದ ಮೇಲೂ ಅಧಿಕಾರ ಬಿಡದವರು ತಾವೇ ಮೊದಲಿಗರು. ಆದ್ದರಿಂದ ತಾವು ದಯಮಾಡಿ ಪರದೆಯಿಂದ ಇಳಿದು, ಅವರ್ಸಾದ ಬಸ್ಸು ಹಿಡಿದು, ಸೀಟು ಸಿಗದಿದ್ದರೆ ತಮ್ಮ ಮೇಲೆಯೇ ತಾವು ಕೂತು ಬಂದು, ನಮ್ಮ ಮಹಿಳಾ ಮಂಡಳದ ಸಭೆಯಲ್ಲಿ ವಿವರಣೆ ಕೊಡಬೇಕು. ಜಯಶ್ರೀಯ ನಗುವನ್ನು ಅಂದಿಗಿಂತ ಮುಂಚಿನ ಸ್ಥಿತಿಗೆ ತಂದುಕೊಡಬೇಕು. ಅದು ಆಗದ ಪಕ್ಷದಲ್ಲಿ, ಆ ಹುಡುಗಿಗೆ ಕಿಟಕಿ ತೆಗೆಯಲು ಅಪ್ಪಣೆ ಕೊಟ್ಟು ಸಿನಿಮಾವನ್ನು ಮೊದಲಿನಿಂದ ಮತ್ತೊಮ್ಮೆ ನಡೆಸಬೇಕು. ಅವಳಿಗೆ ಉತ್ತರ ಬೇಕಿತ್ತು. ಉತ್ತರ ಕೊಡಲು ತಮಗೆ ಬಾಯಿ ಇರಲಿಲ್ಲ, ಅದಕ್ಕಾಗಿ ತಮ್ಮನ್ನು ಕ್ಷಮಿಸಬಹುದು. ಬಾಯಿ ಇದ್ದವರಿಗೆ ಆ ಸವಲತ್ತು ಇಲ್ಲ.

ಎದ್ದು ನಿಂತೇ ಈ ಪತ್ರ ಬರೆದ, ತಮ್ಮಲ್ಲಿ ವಿಶ್ವಾಸವಿಟ್ಟು ಕೆಟ್ಟವರನ್ನು ಕಣ್ಣಾರೆ ಕಂಡ,
ವೇದಾವತಿ ನಾಯಕ, ಅವರ್ಸಾ

ತಾ.ಕ.: ತಮ್ಮಿಂದ ಉತ್ತರ ಬರುವುದಿಲ್ಲವೆಂದು ಗೊತ್ತಿದ್ದುದರಿಂದ ಕಾಯಲಿಲ್ಲ. ಸೋಮವಾರ ಬೆಳಗಿನ ಮೊದಲ ಬಸ್ಸಿಗೆ ಅನಘಾಳನ್ನು ಕರೆದುಕೊಂಡು ಕಾರವಾರಕ್ಕೆ ಹೋಗಿ ಅವಳ ಹೆಸರು ಹಚ್ಚಿಸಿ ಬಂದಿದ್ದೇನೆ. ದೋಣಿಯಲ್ಲಿ ಹೋಗುವಾಗ ಭಯವಾಗುವುದಿಲ್ಲವೇ ಎಂದು ಅಲ್ಲಿನ ಮಾಸ್ತರರು ಅವಳನ್ನು ಕೇಳಿದರು. ಅವಳು ಎಂದಿನಂತೆ ನನ್ನ ಮುಖ ನೋಡಿದಳು. ನಾನು ಕಿಟಕಿಯ ಹೊರಗೆ ಸಮುದ್ರ ನೋಡುತ್ತ ಕೂತೆ, ಅವಳೇ ಹೇಳುವವರೆಗೆ.