ಪರದೇಶದ ಹೆಂಗಸರ ಮೊದಲ ಹಾಡು, ಮತ್ತು ನನ್ನದು

ಮೊದಲ ಸಲ ಜನರ ಮುಂದೆ ಬಾಯಿ ತೆರೆಯುವವರಿಗೆ ಸ್ವಲ್ಪವಾದರೂ ಅಂಜಿಕೆ ಇರಬೇಕು ಎಂದು ನಂಬಿದವನು ನಾನು. ನಮ್ಮ ಕಡೆ ಹಾಡುವವನು ಮೊದಲ ಬೈಠಕ್ಕಿಗೆ ಕೂತನೆಂದರೆ ಗುರುಗಳ ಫೋಟೋಕ್ಕೆ ಕೈಮುಗಿಯುತ್ತಾನೆ, ತಂಬೂರಿಗೆ ಕೈಮುಗಿಯುತ್ತಾನೆ, ಮುಂದಿನ ಸಾಲಿನಲ್ಲಿ ತೂಕಡಿಸುತ್ತಿರುವ ಹಿರಿಯರಿಗೂ ಕೈಮುಗಿದು, ಸಾಕಷ್ಟು ಕೆಮ್ಮಿ, ಆಮೇಲೆ ಷಡ್ಜ ಹಿಡಿಯುತ್ತಾನೆ. ಪಶ್ಚಿಮದ ಪಾಪ್ ಗಾಯಕಿಯರಿಗೆ ಈ ಸಂಸ್ಕಾರ ಎಲ್ಲಿಂದ ಬರಬೇಕು? ಅವರ ಮೊಟ್ಟಮೊದಲ ಹಾಡು ಕೇಳಿದರೆ, ನೀರು ಬರದ ಸಿಟ್ಟಿನಲ್ಲಿ ಬಾಡಿಗೆಯವಳು ಮಾಲೀಕನ ಬಾಗಿಲು ಬಡಿಯಲು ಬಂದಂತಿರುತ್ತದೆ. ಇದನ್ನು ಅಂದಾಜಿನ ಮೇಲೆ ಹೇಳುತ್ತಿಲ್ಲ. ಎಂಬತ್ತರ ದಶಕದಲ್ಲಿ, ಹುಮನಾಬಾದಿನ ನಮ್ಮ ಮನೆಯಲ್ಲಿ ಒಂದು ಇಡೀ ಬೇಸಿಗೆ ಅವರನ್ನು ಅನುಭವಿಸಿದವನು ನಾನು.

ನಮ್ಮ ಮಾಳಿಗೆ ಮೇಲೆ ಪುಣೆಯ ಗಂಡ ಹೆಂಡತಿ ಬಾಡಿಗೆಗಿದ್ದರು. ಆತ ಇಲ್ಲಿಯ ಒಂದು ಕೆಮಿಕಲ್ ಕಾರ್ಖಾನೆಯಲ್ಲಿ ಎಂಜಿನಿಯರ್. ವರ್ಗವಾಗಿ ಹೋಗುವಾಗ ಆಕೆ ನನ್ನ ಹೆಂಡತಿ ಶಾಂತಾಳಿಗೆ ಒಂದು ಕ್ಯಾಸೆಟ್ ಕಾಣಿಕೆ ಕೊಟ್ಟಳು. ಆಗ ಹೆಸರು ಮಾಡುತ್ತಿದ್ದ ಇಂಗ್ಲಿಷ್ ಗಾಯಕಿಯರ ಮೊದಲ ಹಾಡುಗಳನ್ನು ಮಾತ್ರ ಆರಿಸಿ ತುಂಬಿಸಿದ ಕ್ಯಾಸೆಟ್ ಅದು. ಸ್ಟೀಲಿನ ಡಬ್ಬಿಯನ್ನೋ ಚಾದರವನ್ನೋ ಕೊಟ್ಟು ಹೋಗಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು? ಶಾಂತಾಳ ತಮ್ಮ ಸೌದಿಯಿಂದ ತಂದುಕೊಟ್ಟಿದ್ದ ಟೇಪ್‌ರೆಕಾರ್ಡರ್ ಮನೆಯಲ್ಲಿ ಸುಮ್ಮನೇ ಕೂತಿತ್ತು. ನಾನೋ ಹೈಸ್ಕೂಲಿನ ಇತಿಹಾಸದ ಮಾಸ್ತರ. ಬೇಸಿಗೆ ರಜೆ. ತಪ್ಪಿಸಿಕೊಳ್ಳಲು ಶಾಲೆಯೂ ಇಲ್ಲ.

ದಿನಾ ಮಧ್ಯಾಹ್ನ ಊಟವಾದ ಮೇಲೆ ಪಕ್ಕದ ಮನೆಯ ಮಹಬೂಬ್‌ಬೀ ಮೊರದ ತುಂಬ ತೊಗರಿಬೇಳೆ ಹಿಡಿದು ಬರುತ್ತಿದ್ದಳು. ಆಕೆ, ಶಾಂತಾ ಇಬ್ಬರೂ ಪಡಸಾಲೆಯಲ್ಲಿ ಕೂತು ಬೇಳೆ ಹಸನು ಮಾಡುತ್ತ ಟೇಪಿನಲ್ಲಿ ಆ ಹೆಂಗಸರನ್ನು ಹಚ್ಚುತ್ತಿದ್ದರು. ಮೊದಲು ಯಾರೋ ಎಣ್ಣೆ ಡಬ್ಬಿ ಬಡಿದ ಸದ್ದು. ಅದರ ಹಿಂದೆ ಯಂತ್ರದ ವಾದ್ಯ, ಹಿಟ್ಟಿನ ಗಿರಣಿಗೆ ನೆಗಡಿಯಾದ ಹಾಗೆ. ಆಮೇಲೆ ಗಾಯಕಿ. ಒಬ್ಬಳು ಉಸಿರು ಬಿಡುವುದನ್ನೇ ಹಾಡು ಅಂದುಕೊಂಡಿದ್ದಳು. ಇನ್ನೊಬ್ಬಳು ಗಂಡಸಿಗೆ ‘ಬೇಬಿ’ ಎಂದು ಎಷ್ಟು ಸಲ ಕರೆಯುತ್ತಿದ್ದಳೆಂದರೆ, ತೊಟ್ಟಿಲಿನ ಕೂಸೇ ಬೇಸತ್ತು ಎದ್ದು ಹೋಗಬೇಕು. ಆದರೆ ಬೇಳೆ ಹಸನು ಮಾಡುವ ಈ ಇಬ್ಬರಿಗೆ ಅವರೆಲ್ಲ ನಮ್ಮ ಓಣಿಯ ಹುಡುಗಿಯರೇ ಆಗಿಬಿಟ್ಟಿದ್ದರು.

“ಇಕಿ ಭಾಳ ಸಿಟ್ಟಿನಾಕಿ ನೋಡ್ರಿ ಶಾಂತಮ್ಮ. ಅತ್ತಿ ಮನ್ಯಾಗ ಜಗಳಾ ಆಡಿ ಬಂದಾಳ,” ಎನ್ನುತ್ತಿದ್ದಳು ಮಹಬೂಬ್‌ಬೀ.

“ಹಾಂ. ಈಗ ಬರಾಕಿ ಪಾಪ, ಅಕಿನ್ನ ಯಾರೋ ಬಿಟ್ಟು ಹೋಗ್ಯಾರ,” ಎನ್ನುತ್ತಿದ್ದಳು ಶಾಂತಾ.

ಇಬ್ಬರಿಗೂ ಇಂಗ್ಲಿಷಿನ ಒಂದಕ್ಷರ ಬಾರದು. ನಾನು ಒಳಗಿನಿಂದ, “ಅದೇನು ಹಾಡೇನು? ಒದರೂದು!” ಎನ್ನುತ್ತಿದ್ದೆ. ದಿನಾ ಎನ್ನುತ್ತಿದ್ದೆ. ಕೊನೆಗೊಂದು ಸಂಜೆ ಶಾಂತಾ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನೆದುರು ನಿಂತಳು.

“ಹಾಡೂದು ಅವರು, ಹೊಟ್ಟಿ ಉರಿಯೂದು ನಿಮಗ. ಸಣ್ಣವರಿದ್ದಾಗ ಸಂಗೀತ ಕಲ್ತೀನಿ ಅಂತ ಹೇಳ್ಕೋತ ಬಂದೀರಲ್ಲ, ನೀವೂ ಒಂದು ಹಾಡ್ರಿ ನೋಡೂಣು.”

“ಅದರಾಗೇನದ? ಹಚ್ಚು ಮಷೀನು,” ಎಂದೆ.

ಕ್ಯಾಸೆಟ್ಟಿನ ಹಿಂಬದಿಯ ಕೊನೆಯಲ್ಲಿ ಖಾಲಿ ಉಳಿದಿದ್ದ ಜಾಗ ಹುಡುಕಿ ಆಕೆ ಎರಡು ಗುಂಡಿ ಒಟ್ಟಿಗೆ ಒತ್ತಿದಳು. ಕೆಂಪು ದೀಪ ಹತ್ತಿತು. ಅದನ್ನು ನೋಡಿದ್ದೇ ತಡ, ಭೈರವಿಯಲ್ಲಿ ಕಲಿತಿದ್ದ ಒಂದೇ ಒಂದು ಹಾಡಿನ ಮಾತುಗಳೆಲ್ಲ ಎಲ್ಲಿಗೋ ಹಾರಿಹೋದವು. ಉಳಿದದ್ದು ಬರೀ ‘ಆ’. ಅದನ್ನೇ ಎಳೆದೆ, ಏರಿಸಿದೆ, ದನಿ ಹೆಂಗಸಿನಷ್ಟು ತೆಳ್ಳಗಾಗಿ ಮೇಲೆ ಹೋದಮೇಲೆ ಇಳಿಯುವ ದಾರಿ ಕಾಣದೆ ಅಲ್ಲೇ ನಡುಗುತ್ತ ನಿಂತೆ. ಟೇಪೇ ಮುಗಿದು ನನ್ನನ್ನು ಪಾರು ಮಾಡಿತು.

ಮರುದಿನ ಮಧ್ಯಾಹ್ನ ಶಾಂತಾ ಹಾಡಿದವರು ಯಾರೆಂದು ತಿಳಿಸದೆ ಅದನ್ನು ಹಚ್ಚಿದಳು. ನಾನು ಒಳಗೆ ಪೇಪರ್ ಮರೆಯಲ್ಲಿ ಕಿವಿಯಾಗಿ ಕೂತೆ. ಮಹಬೂಬ್‌ಬೀಯ ಮೊರದ ಸದ್ದು ನಿಂತಿತು.

“ಯಾ ಅಲ್ಲಾ! ಇಕಿಗೇನಾಗ್ಯದ? ಉಳಿದ ಹುಡಿಗ್ಯಾರು ಛಂದ ಹಾಡ್ತಾರ. ಇಕಿಗಿ ಜ್ವರದಾಗ ಎಬ್ಬಿಸಿಕೊಂಡು ಬಂದು ಹಾಡಸ್ಯಾರೇನು?”

“ಮೊದಲನೇ ಹಾಡಲ್ರೀ, ಅಂಜಿರಬೇಕು,” ಎಂದಳು ಶಾಂತಾ, ಬಾಯಿಗೆ ಸೆರಗು ಒತ್ತಿಕೊಂಡು.

“ಅಂಜಿಕಿ ಇದ್ರ ಮನ್ಯಾಗ ಕೂಡಬೇಕು,” ಎಂದು ಮಹಬೂಬ್‌ಬೀ ಮತ್ತೆ ಬೇಳೆ ಕೇರತೊಡಗಿದಳು.

ಅಂದು ರಾತ್ರಿ ನಾನು ಊಟದಲ್ಲಿ ಎರಡನೇ ರೊಟ್ಟಿ ಕೇಳಲಿಲ್ಲ. ಶಾಂತಾ ಕೇಳದೆಯೇ ಬಡಿಸಿದಳು. ನಗಲಿಲ್ಲ. ಅದೇ ಹೆಚ್ಚು ಉರಿಯಿತು.

ಆ ವಾರವೇ ಬಸವಕಲ್ಯಾಣದಿಂದ ನಮ್ಮಣ್ಣ ಬಂದ. ಅವನಿಗೆ ಫಾರಿನ್ ಎಂದರೆ ಪ್ರಾಣ. ಪರದೇಶದ ಬ್ಲೇಡಿನಿಂದ ಗಡ್ಡ ಹೆರೆದುಕೊಂಡ ದಿನ ಬಜಾರಿನಲ್ಲಿ ಎರಡು ಸುತ್ತು ಹೆಚ್ಚಿಗೆ ಹಾಕುವ ಆಸಾಮಿ. ಬಂದವನೇ ಕ್ಯಾಸೆಟ್ ಹಚ್ಚಿಸಿಕೊಂಡು, ಗೋಡೆಗೆ ಒರಗಿ, ಎರಡೂ ಬದಿ ಕೇಳಿದ. ನನ್ನ ಸರದಿ ಬಂದಾಗ ಎದ್ದು ಕೂತ.

“ಇಕಿ ಯಾರೋ?”

ಮಹಬೂಬ್‌ಬೀಯ ತೀರ್ಪು ಇನ್ನೂ ಎದೆಯಲ್ಲಿ ಹಸಿಯಾಗಿತ್ತು. ಇನ್ನೊಮ್ಮೆ ಮಾನ ಕಳೆದುಕೊಳ್ಳುವುದು ಬೇಡವೆಂದು, “ಯಾವಾಕಿನೋ ಇಂಗ್ಲಿಷ್ ಹೆಂಗಸು. ಇದೇ ಮೊದಲನೇ ಹಾಡಂತ. ಗಂಟಲಿಲ್ಲ, ತಾಳ ಇಲ್ಲ,” ಎಂದುಬಿಟ್ಟೆ.

ಅಣ್ಣ ಕಣ್ಣು ಮುಚ್ಚಿದ. ತಲೆ ತೂಗಿದ. “ಗಂಟಲಿಲ್ಲ ಅಂತೀ? ಒಂದು ಮಾತೂ ತಿಳಿಯಂಗಿಲ್ಲ, ಆದ್ರ ಎದೀಗೆ ಹ್ಯಾಂಗ ಮುಟ್ಟಾಕತ್ತದ ನೋಡು! ನಿನಗೇನು ತಿಳೀತದ ಸಂಗೀತ? ಸಣ್ಣವನಿದ್ದಾಗ ನೀ ಭೈರವಿ ಹಾಡಿದ್ರ ಮನಿ ಮುಂದಿನ ಎಮ್ಮಿ ಹಗ್ಗ ಹರ್ಕೊಂಡು ಓಡ್ತಿತ್ತು.”

ಅದು ನಾನೇ ಎನ್ನಲು ಬಾಯಿ ತೆರೆದೆ. ಅಡುಗೆಮನೆಯ ಬಾಗಿಲಲ್ಲಿ ಶಾಂತಾ ನಿಂತಿದ್ದಳು. “ಹೌದ್ರಿ ಭಾವಾರ, ಇವರಿಗಿ ಆ ಹೆಂಗಸರ ಹಾಡೇ ಸೇರಂಗಿಲ್ಲ,” ಎಂದಳು.

“ಇನ್ನೊಮ್ಮೆ ಹಚ್ಚವ್ವ,” ಎಂದ ಅಣ್ಣ.

ನನ್ನ ಹಾಡಿಗೆ ಈ ಜನ್ಮದಲ್ಲಿ ಸಿಕ್ಕ ಒಂದೇ ಒಂದು ವನ್ಸ್ ಮೋರ್ ಅದು. ಅದನ್ನೂ ಆ ಪರದೇಶದ ಹೆಂಗಸೇ ಹೊಡೆದುಕೊಂಡಳು.